ನಾಲ್ಕು ಮೂಟೆ ಮಡಿಲಕ್ಕಿ

ಜನವರಿ 8

ಬ್ಲೌಸ್ ಹದಿನಾಲ್ಕು ಬಾಕಿ. ಎಲ್ಲ ಸಿನಿಮಾದವರದ್ದು. ಹಳ್ಳಿ ಹೆಂಗಸರ ಪಾತ್ರಕ್ಕಂತೆ. ತೋಳು ಉದ್ದ ಇರಬೇಕು, ಬಣ್ಣ ಮಾಸಿದಂತಿರಬೇಕು. ಹೊಸ ಬಟ್ಟೆ ಕೊಟ್ಟು ಹಳೆಯದು ಮಾಡಿಕೊಡಿ ಅನ್ನುತ್ತಾರೆ. ಮುಳ್ಳೂರಿನ ಹೆಂಗಸರು ಯಾವಾಗಲೂ ಮಾಸಿದ್ದೇ ತೊಡುತ್ತಾರೆ ಎಂದು ಆ ಜನಕ್ಕೆ ಯಾರು ಹೇಳಿದರೋ.

ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಮುಂದಿನಿಂದ ಊರವರ ಎದೆಸುತ್ತಳತೆ, ಹಿಂದಿನಿಂದ ನನ್ನದು. ಯಾರೂ ಓದುವುದಿಲ್ಲ. ಒಳ್ಳೆಯದೇ ಆಯಿತು.

ಮಧ್ಯಾಹ್ನ ಇವರು — ಮನೆಯವರು — ಡೈರೆಕ್ಟರನ್ನು ಅಂಗಡಿಗೇ ಕರೆತಂದರು. ಮಣಿಕಂಠ. ಹನೂರಿನ ಕಡೆಯವನು, ಮೂವತ್ತೈದು ಇರಬಹುದು, ಕಪ್ಪು ಟೀಶರ್ಟು, ಮಾತಿನ ಮಧ್ಯೆ ತಮಿಳು. ನಮ್ಮ ಎಲೆಕ್ಷನ್ನೇ ಸಿನಿಮಾ ಆಗುತ್ತಿದೆಯಂತೆ. ನಿಜವಾಗಿ ನಡೆದ ಪ್ರಚಾರದ ಕಥೆ. ಹೆಸರು 'ಹನ್ನೊಂದು ವೋಟು'.

ಒಂಬತ್ತು ವರ್ಷವಾಯಿತು. ತಾಲ್ಲೂಕು ಪಂಚಾಯಿತಿಗೆ ನನ್ನ ತವರು ಮುಳ್ಳೂರಿನ ಸೀಟು ಮಹಿಳೆಗೆ ಮೀಸಲಾಗಿತ್ತು. ಮದುವೆಯಾಗಿ ಯಳಂದೂರಿಗೆ ಬಂದರೂ ನನ್ನ ವೋಟು ತವರಿನ ಪಟ್ಟಿಯಲ್ಲೇ ಉಳಿದಿತ್ತು. ಪಕ್ಷೇತರಳಾಗಿ ನಿಂತೆ. ಗುರುತು ಹೊಲಿಗೆ ಯಂತ್ರ. ಸೋತೆ, ಹನ್ನೊಂದು ವೋಟಿಗೆ.

"ಅಕ್ಕಾ, ಕಥೆ ನಿಮ್ ಯಜಮಾನ್ರುದ್ದು. ಟೈಟಲ್‌ನಲ್ಲಿ ಹೆಸರು ದೊಡ್ಡದಾಗಿ ಬತ್ತದೆ. ಭಾಷೆ ನೀವು ಕಲಿಸ್ಬೇಕು ನಮ್ ಹೀರೋಯಿನ್‌ಗೆ" ಅಂದ.

ಇವರ ಮುಖ ನೋಡಬೇಕಿತ್ತು. ನಿನ್ನೆ ಮೊನ್ನೆ ಮದುವೆಯಾದ ಗಂಡಿನ ಕಳೆ. ಒಪ್ಪಿಕೊಂಡೆ. ಸುಳ್ಳು ಯಾಕೆ, ಖುಷಿಯೂ ಆಯಿತು.

ಜನವರಿ 11

ಹೀರೋಯಿನ್ ಹೆಸರು ಭವ್ಯಶ್ರೀ. ಒಳ್ಳೆಯ ಹುಡುಗಿ. ಆದರೆ ನಾಲಿಗೆ ಬೆಂಗಳೂರಿನದು. 'ಹೋಗ್ತೀನಿ' ಬಿಟ್ಟು 'ಓಯ್ತೀನಿ' ಅನ್ನಿಸಲು ಅರ್ಧ ದಿನ ಬೇಕಾಯಿತು. ಕೊನೆಗೆ ಬಂತು. ಆದರೆ ಹೇಳುವಾಗಲೆಲ್ಲ ನಗುತ್ತಾಳೆ. ನಾವು ಹೀಗೇ ಮಾತಾಡುತ್ತೇವಮ್ಮ, ನಗುವಂಥದ್ದು ಏನಿದೆ ಅಂದೆ. ಸಾರಿ ಆಂಟಿ ಅಂದಳು.

ಹದಿನಾಲ್ಕನೇ ಸೀನ್ ಓದಿದರು. ಕ್ಯಾಂಡಿಡೇಟು ಮನೆಮನೆಗೆ ಹೋಗಿ ಸೆರಗೊಡ್ಡಿ ವೋಟು ಬೇಡುತ್ತಾಳೆ. ಅಳುತ್ತಾಳೆ. ಕಾಲಿಗೂ ಬೀಳುತ್ತಾಳೆ.

ನನಗೆ ಸಿಟ್ಟು ನೆತ್ತಿಗೇರಿತು. ನಾನು ಯಾರ ಬಾಗಿಲಲ್ಲೂ ಸೆರಗೊಡ್ಡಿಲ್ಲ. ಮುಳ್ಳೂರಿಗೆ ನಾನು ಮನೆಮಗಳು. ಬಾಗಿಲಿಗೆ ಹೋದರೆ ಒಳಗೆ ಕರೆದು, ಕುಂಕುಮ ಇಟ್ಟು, ಮಡಿಲು ತುಂಬಿದರು. ಅಕ್ಕಿ, ವೀಳ್ಯದೆಲೆ, ಇದ್ದವರ ಮನೆಯಲ್ಲಿ ತೆಂಗಿನಕಾಯಿ. ಮಡಿಲು ತುಂಬಿದ ಮನೆಯವರು ಆ ಮಗಳ ವಿರುದ್ಧ ಬಟನ್ ಒತ್ತುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಹೇಳಿದರೆ ಅದೇ ಅವಮಾನ. ಹದಿನೆಂಟು ದಿನ ನಡೆದೆ. ದಿನವೂ ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ ಮಡಿಲು ಬಿಚ್ಚುತ್ತಿದ್ದೆ. ನಾಲ್ಕು ಮೂಟೆ ಆಯಿತು.

"ಸೆರಗು ಒಡ್ಡುದ್ರೆ ಥಿಯೇಟರಲ್ಲಿ ಕಣ್ಣೀರು ಬತ್ತದೆ ಅಕ್ಕ. ಅಕ್ಕಿ ಹುಯ್ದ್ರೆ ಏನ್ ಬತ್ತದೆ?" ಅಂದ ಮಣಿಕಂಠ.

ಭವ್ಯಶ್ರೀ ಕೇಳಿದಳು: ಆ ಅಕ್ಕಿ ಏನ್ಮಾಡ್ತಾರೆ ಆಂಟಿ?

ಮನೆಗೆ ಒಯ್ದು ಬೇಯಿಸಿ ಉಣ್ಣಬೇಕು. ಪಾಯಸವೋ ಅನ್ನವೋ. ಮಾರುವಂತಿಲ್ಲ, ಬೀದಿಪಾಲು ಮಾಡುವಂತಿಲ್ಲ. ನಾನು ಲೆಕ್ಕ ಹಾಕಿದ್ದೆ, ಎಣಿಕೆ ಮುಗಿದ ದಿನ ಇಡೀ ಮುಳ್ಳೂರಿಗೆ ಅದರಲ್ಲೇ ಪಾಯಸ ಮಾಡಿಸಬೇಕೆಂದು. ವೋಟಿಗೆ ಎರಡು ದಿನ ಮುಂಚೆ ನಾಲ್ಕು ಮೂಟೆಯೂ ಕಳುವಾಯಿತು. ಊರಲ್ಲಿ ಸುದ್ದಿ ಏನು ಹಬ್ಬಿತೆಂದರೆ — ಶಿವರತ್ನ ಮಡಿಲಕ್ಕಿ ಮಾರಿಕೊಂಡಳು. ಹಬ್ಬಿಸಿದವಳು ಚಿಕ್ಕಬಸಮ್ಮ, ದೊಡ್ಡಪ್ಪನ ಮನೆಯ ಹಿಂದಿನ ಬೀದಿಯವಳು. ಕದ್ದವಳೂ ಅವಳೇ ಎಂದು ಇವರು ಆಗಲೇ ಹೇಳಿದ್ದರು. ವೋಟಿನ ದಿನ ಬೂತಿನ ಮುಂದೆ ನಿಂತಿದ್ದೆ. ಹೆಂಗಸರು ಸಾಲಾಗಿ ಬಂದರು. ಒಬ್ಬಳೂ ನನ್ನ ಮುಖ ನೋಡಲಿಲ್ಲ.

ಆಮೇಲೆ ಮುಳ್ಳೂರಿಗೆ ಕಾಲಿಟ್ಟಿಲ್ಲ. ದೊಡ್ಡಪ್ಪ ತೀರಿಕೊಂಡಾಗ ಮಾತ್ರ ಹೋದೆ. ಸಮಾಧಿಗೆ ಮಣ್ಣು ಹಾಕಿ, ಒಂದು ಲೋಟ ನೀರೂ ಕುಡಿಯದೆ ಬಸ್ ಹತ್ತಿದೆ.

ಜನವರಿ 12

ಸೆರಗಿನ ಸೀನ್ ಉಳಿಯಿತಂತೆ. ಇವರು ಹೇಳಿದರು, "ಸಿನಿಮಾ ಅಂದ್ರೆ ಅಂಗೇ ಕಣೆ. ನಿಂಗೇನ್ ಗೊತ್ತು?"

ನಿಂತವಳು ನಾನು. ನಡೆದವಳು ನಾನು. ನನಗೇನು ಗೊತ್ತು!

ಜನವರಿ 17, ಬೆಳಿಗ್ಗೆ 11

ಹೊಲಿಗೆ ಅರ್ಧಕ್ಕೆ ಬಿಟ್ಟು ಕೂತಿದ್ದೇನೆ. ಬರೆಯಬೇಕು.

ಮುಂದಿನ ಶೆಡ್ಯೂಲಿನ ಹಾಳೆಗಳು ಬಂದವು, ಭಾಷೆ ತಿದ್ದಿಕೊಡಲು. ನಲವತ್ತೊಂದನೇ ಸೀನ್. ಪಡಸಾಲೆ. ಹಗಲು. ಕ್ಯಾಂಡಿಡೇಟು ಕಾಲಮೇಲೆ ಕಾಲು ಹಾಕಿ ಕೂತಿದ್ದಾಳೆ. ಅವಳ ಮಾತು ಹೀಗಿದೆ: "ಆ ಅಕ್ಕಿ ಮೂಟೆನೆಲ್ಲ ಗೂಡ್ಸ್ ಆಟೋಗೆ ಹಾಕಿ ಹನೂರಿಗೆ ಕಳ್ಸಿ. ಹುಡುಗ್ರಿಗೆ ಊಟ ಹಾಕ್ಸಬೇಕಲ್ಲ. ಯಾರ್ ಕೇಳ್ತಾರೆ?"

ಮೂರು ಸಲ ಓದಿದೆ.

ಹನೂರು? ಒಂಬತ್ತು ವರ್ಷದಲ್ಲಿ ಆ ಅಕ್ಕಿಯ ಮಾತಿನಲ್ಲಿ ಯಾರ ಬಾಯಲ್ಲೂ ಹನೂರು ಬಂದಿರಲಿಲ್ಲ. ನನ್ನ ಲೆಕ್ಕದಲ್ಲಿ ಅಕ್ಕಿ ಕಳುವಾಗಿತ್ತು. ಊರವರ ಲೆಕ್ಕದಲ್ಲಿ ನಾನು ಮಾರಿದ್ದೆ. ಎಲ್ಲಿಗೆ ಹೋಯಿತು ಎಂಬುದು ಮಾತ್ರ ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ.

ಮಣಿಕಂಠನಿಗೆ ಫೋನ್ ಮಾಡಿದೆ. ಹನೂರು ಅಂತ ಯಾರು ಹೇಳಿದರು?

"ನಿಮ್ ಯಜಮಾನ್ರೇ ಅಕ್ಕ! ಎಲ್ಲಾ ಬಿಡಿಬಿಡಿಯಾಗಿ ಹೇಳವ್ರೆ. ಹನೂರಲ್ಲಿ ಮೆಸ್ಸು, ಕಾಸ್ ಬದ್ಲು ಅಕ್ಕಿ ತಕಂಡ್ನಂತೆ. ಮೂಟೆ ಬಾಯಿಗೆ ಬ್ಲೌಸ್ ಲೈನಿಂಗಿನ ಕೆಂಪು ಪಟ್ಟಿ ಕಟ್ಟಿತ್ತಂತಲ್ಲ... ಆ ಡೀಟೇಲ್ ಸೂಪರ್ ಅಕ್ಕ! ಕ್ಲೋಸಪ್ ಇಟ್ಟಿದೀನಿ. ಮೂಟೆ ಕಟ್ಟಕ್ಕೆ ಅಂಥ ಪಟ್ಟಿ ನೀವೇ ಒಂದ್ನಾಕು ಕೊಡ್ಬೇಕು."

ಆ ಪಟ್ಟಿ ಕಟ್ಟಿದ್ದು ನನ್ನ ಕೈ. ಈ ಅಂಗಡಿಯ ಬಟ್ಟೆ.

ಅದೇ ದಿನ, ಸಂಜೆ 4

ಇವರು ಕೊಳ್ಳೇಗಾಲದಲ್ಲಿದ್ದಾರೆ. ಶೂಟಿಂಗಿಗೆ ಹಳೇ ಮಾಡೆಲ್ ಹಾರ್ನ್ ಮೈಕು ಹುಡುಕಲು. ಬರಲಿ.

ಎರಡು ಬ್ಲೌಸ್ ತೋಳು ತಿರುಗುಮುರುಗಾಗಿ ಹೊಲಿದೆ. ಬಿಚ್ಚಬೇಕು.

ಜನವರಿ 18

ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಿದ್ದರು. ತಟ್ಟೆಯ ಪಕ್ಕ ಹಾಳೆ ಇಟ್ಟೆ. ಇದನ್ನು ನಾನು ಯಾವಾಗ ಹೇಳಿದೆ ಅಂದೆ.

ಓದಿದರು. ತಿನ್ನುವುದನ್ನು ನಿಲ್ಲಿಸಲಿಲ್ಲ.

"ಒಂಬತ್ ವರ್ಸದ ಕಥೆ. ಈಗ್ಯಾಕ ಕೆದಕ್ತೀಯೆ ರತ್ನ? ಪೋಸ್ಟರ್ ಅಂಟ್ಸೋ ಐಕ್ಳು ಊಟ ಇಲ್ದೆ ಕೆಲ್ಸ ಬುಡ್ತೀವಿ ಅಂದ್ವು. ಮೆಸ್ಸಿನವ್ನು ಕಾಸ್ ಕೊಡು, ಇಲ್ಲ ಅಕ್ಕಿ ಕೊಡು ಅಂದ. ಮನಲಿ ಅಕ್ಕಿ ಇತ್ತು, ಕೊಟ್ಟೆ. ನಿನ್ ಎಲೆಕ್ಷನ್‌ಗೇ ತಾನೆ? ನಾನೇನ್ ನನ್ ಒಟ್ಟೆಗ ಆಕಂಡ್ನಾ?"

ಅದು ಮಡಿಲಕ್ಕಿ ಅಂದೆ.

"ಅಕ್ಕಿ ಅಂದ್ರ ಅಕ್ಕೀನೇ ಅಲ್ವಾ."

ಇಲ್ಲಿಯವರೆಗಿನದನ್ನು ನುಂಗಬಹುದಿತ್ತು. ಗಂಡಸು, ತಿಳಿಯಲಿಲ್ಲ, ದಡ್ಡತನ ಎಂದು ಒಂದು ವಾರ ಕೂಗಾಡಿ ಸುಮ್ಮನಾಗುತ್ತಿದ್ದೆ. ಆದರೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಮೂಟೆ ಕಾಣದೆ ಊರ ಹೆಂಗಸರು ಬಂದು ಕೇಳಿರಬೇಕಲ್ಲ, ಅವರಿಗೆ ಏನು ಹೇಳಿದಿರಿ?

ಆಗ ತಿನ್ನುವುದು ನಿಂತಿತು.

"ನೀನ್ ಕೂಗ್ಬೇಡ, ಅಕ್ಕಪಕ್ಕ ಕೇಳ್ತದೆ."

ಏನು ಹೇಳಿದಿರಿ?

"ನೀನೇ ಕಳ್ಸು ಅಂದೆ ಅಂತ ಏಳ್ದೆ. ಇನ್ನೇನ್ ಏಳ್ಲಿ? ಎಂಡ್ತಿ ಮಡ್ಲಕ್ಕಿಯ ಗಂಡನೇ ಮಾರ್ಕಂಡ ಅಂದ್ರೆ ಆ ಊರ್ ಅಳಿಯ ಆಗಿ ನಾನು ತಲೆ ಎತ್ಕಂಡು ತಿರ್ಗಕ್ಕಾಯ್ತದ? ನನ್ ಮರ್ವಾದೆ ಏನಾಯ್ತಿತ್ತು?"

ನನಗೆ ಬಂದು 'ಕಳುವಾಯಿತು' ಅಂದ. ಅವರಿಗೆ 'ಅವಳೇ ಹೇಳಿದಳು' ಅಂದ. ಚಿಕ್ಕಬಸಮ್ಮನನ್ನು ಕಳ್ಳಿ ಅಂದ. ಒಂದೇ ಬೆಳಿಗ್ಗೆ, ಒಂದೇ ಬಾಯಲ್ಲಿ! ಹಾಗಾದರೆ ನನ್ನನ್ನು ಆ ಹನ್ನೊಂದು ವೋಟಿಗೆ ಸೋಲಿಸಿದ್ದು ಯಾರು? ಇಷ್ಟು ವರ್ಷ ನನ್ನ ಪಕ್ಕದಲ್ಲಿ ಕೂತು, ಜನ ಮೋಸ ಮಾಡಿಬಿಟ್ಟರು ಕಣೆ ಎಂದು ಸಮಾಧಾನ ಹೇಳುತ್ತಿದ್ದನಲ್ಲ. ಅದನ್ನು ನೆನೆದರೆ ತಟ್ಟೆ ಎತ್ತಿ ಮುಖಕ್ಕೆ ಬಡಿಯಬೇಕು ಅನ್ನಿಸುತ್ತದೆ.

'ಇವರು' ಎಂದು ಇನ್ನು ಬರೆಯುವುದಿಲ್ಲ. ಗಂಡನ ಹೆಸರು ಹಿಡಿಯಬಾರದು ಎಂದು ಅವ್ವ ಕಲಿಸಿದ್ದಳು. ಶಾಂತಮೂರ್ತಿ. ಬರೆದಾಯಿತು. ಶಾಂತಮೂರ್ತಿ, ಶಾಂತಮೂರ್ತಿ.

ಜನವರಿ 23

ನಾಲ್ಕು ದಿನ ಬರೆಯಲಿಲ್ಲ. ಬರೆದಿದ್ದರೆ ಹಾಳೆ ಹರಿಯುತ್ತಿತ್ತು.

ಮಣಿಕಂಠನಿಗೆ ನಿಜ ಹೇಳಿದೆ. ತಲೆ ಕೆರೆದುಕೊಂಡ. "ಅಯ್ಯೋ ಅಕ್ಕಾ... ಕಥೆ ಅವರ್ದು. ಅವರ್ನೇ ವಿಲನ್ ಮಾಡಕ್ಕಾಯ್ತದಾ? ಪ್ರೊಡ್ಯೂಸರ್ ಒಪ್ಪಲ್ಲ. ಅದೂ ಅಲ್ದೆ ಆಸೆ ಬಿದ್ದು ಸೋತ ಹೆಂಗ್ಸು ಅಂದ್ರೆ ಕ್ಯಾರೆಕ್ಟರ್‌ಗೆ ಗ್ರೇ ಶೇಡ್ ಬತ್ತದೆ" ಅಂದ. ನನ್ನ ಬಾಳು ಅವನಿಗೆ ಬಣ್ಣದ ಡಬ್ಬಿ.

ಭವ್ಯಶ್ರೀ ಬ್ಲೌಸ್ ಟ್ರಯಲ್‌ಗೆ ಬಂದಿದ್ದಳು. ಎಲ್ಲ ಕೇಳಿಸಿಕೊಂಡು ಕಣ್ಣು ಒದ್ದೆ ಮಾಡಿಕೊಂಡಳು. ಆ ಡೈಲಾಗ್ ಹೇಳಬೇಡಮ್ಮ ಅಂದೆ. ನೆಲ ನೋಡಿದಳು. "ಮೊದಲನೇ ಸಿನಿಮಾ ಆಂಟಿ" ಅಂದಳು. ಬೈಯಲೂ ಆಗಲಿಲ್ಲ. ಕಂಕುಳ ಹತ್ತಿರ ಅರ್ಧ ಇಂಚು ಬಿಗಿ ಇತ್ತು, ಬಿಚ್ಚಿ ಸರಿಮಾಡಿ ಕಳಿಸಿದೆ.

ಸಂಜೆ ಶಾಂತಮೂರ್ತಿ ಒಂದು ಪೇಪರ್ ತಂದ. ಛಾಪಾ ಕಾಗದ. ಈ ಚಿತ್ರದಲ್ಲಿ ತೋರಿಸಿರುವುದೆಲ್ಲ ನನ್ನ ಜೀವನದಲ್ಲಿ ನಡೆದದ್ದು, ನನ್ನ ಒಪ್ಪಿಗೆ ಇದೆ, ಶ್ರೀಮತಿ ಶಿವರತ್ನಮ್ಮ. ಕೆಳಗೆ ಸೈನ್ ಮಾಡಲು ಜಾಗ.

"ಎರಡ್ನೇ ತಾರೀಕು ಆ ಸೀನು. ಅಷ್ಟರೊಳ್ಗ ಸೈನ್ ಆಕು."

ಮಡಚಿ ಅಳತೆ ಪುಸ್ತಕದಲ್ಲಿ ಇಟ್ಟೆ. ಸೈನ್ ಮಾಡಿದರೆ ಮುಗಿಯಿತು. ಇಷ್ಟು ದಿನ ಒಂದು ಊರು ಅಂದುಕೊಂಡಿದ್ದನ್ನು ಇನ್ನು ಟಾಕೀಸಿನಲ್ಲಿ ಕೂತವರೆಲ್ಲ ನಂಬುತ್ತಾರೆ. ನಾನು ಸತ್ತ ಮೇಲೂ ಟಿವಿಯಲ್ಲಿ ಬರುತ್ತಿರುತ್ತದೆ.

ಜನವರಿ 26

ಮುಳ್ಳೂರಿಗೆ ಹೋಗಿದ್ದೆ. ಯಾರಿಗೂ ಹೇಳದೆ.

ಬಸ್ಸಿನ ತುಂಬ ಬಾವುಟ ಹಿಡಿದ ಸ್ಕೂಲ್ ಮಕ್ಕಳು. ಕೊಳ್ಳೇಗಾಲದಲ್ಲಿ ಇಳಿದು ಆಟೋ ಹಿಡಿದೆ. ಚಿಕ್ಕಬಸಮ್ಮ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ನೆರೆತಿದೆ. ನನ್ನನ್ನು ನೋಡಿ ಏಳಲಿಲ್ಲ.

"ಏನವ್ವ, ದಾರಿ ತಪ್ಪೋಯ್ತಾ?"

ಅಕ್ಕಿ ವಿಷಯ ಕೇಳಲು ಬಂದೆ ಅಂದೆ. ಬಿಡಿಸುತ್ತಿದ್ದ ಕಾಯನ್ನು ಮೊರಕ್ಕೆ ಎಸೆದಳು.

"ನೀನ್ ಕೇಳದಾ? ಕೇಳ್ಬೇಕಾದೋರು ನಾವು! ಆವತ್ತು ನಿನ್ ಗಂಡ ನಿಮ್ ದೊಡ್ಡಪ್ಪನ್ ಪಡಸಾಲೆಲಿ ನಿಂತ್ಕಂಡು, ಅವ್ಳೇ ಕಳ್ಸು ಅಂದ್ಳು, ನಾನೇನ್ ಮಾಡ್ಲಿ ಅಂದ. ನಮ್ ಮನಲಿ ಆವತ್ತು ಇದ್ದುದ್ದೇ ಎಲ್ಡು ಸೇರು ಅಕ್ಕಿ ಕನವ್ವ. ಒಂದ್ ಸೇರ ನಾನು ನಿನ್ ಮಡ್ಲಿಗ ಉಯ್ದಿ. ನಮ್ ಐಕ್ಳು ರಾತ್ರಿ ಗಂಜಿ ಕುಡ್ಕಂಡು ಮನಿಕಂಡ್ವು. ಅದ ತಕಂಡೋಗಿ ಮೆಸ್ಸಿಗ ಕೊಟ್ಬುಟ್ಟಲ್ಲ ನೀನು?"

ಹೇಳಿದೆ. ಹಾಳೆ ಓದಿದ್ದು, ಕೆಂಪು ಪಟ್ಟಿ, ಉಪ್ಪಿಟ್ಟು, ಎಲ್ಲ. ಕೊನೆಗೆ ಇನ್ನೊಂದನ್ನೂ ಹೇಳಬೇಕಾಯಿತು. ಅಕ್ಕಿ ಕದ್ದವಳು ನೀನೇ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಯಳಂದೂರಿನಲ್ಲಿ ನಾಲ್ಕಾರು ಜನರಿಗೆ ಹೇಳಿಯೂ ಇದ್ದೇನೆ.

"ಕಳ್ಳಿ ಅಂದ್ಯಾ ನನ್ನಾ?" ಎದ್ದು ನಿಂತಳು. ಮೊರ ಉರುಳಿತು. "ನಾನ್ ಕಳ್ಳೀನಾ? ಇದ್ದುದ್ರಲ್ಲಿ ಅರ್ಧ ಕೊಟ್ಟೋಳು ಕಳ್ಳೀನಾ?"

ಬೈದಳು. ಚೆನ್ನಾಗಿ ಬೈದಳು. ನಾನೂ ಬೈದೆ, ಒಂದು ಮಾತು ನನ್ನನ್ನೇ ಕೇಳಬಾರದಿತ್ತಾ ಎಂದು. ಇಬ್ಬರೂ ಏದುಸಿರು ಬಿಡುತ್ತ ನಿಂತೆವು. ಆಮೇಲೆ ಇಬ್ಬರೂ ಕೂತು ಚೆಲ್ಲಿದ ಕಾಳು ಆರಿಸಿದೆವು. ಕಾಫಿ ಕೊಡಲಿಲ್ಲ. ನಾನು ಕೇಳಲೂ ಇಲ್ಲ.

ಹೊರಟಾಗ ಬಾಗಿಲವರೆಗೆ ಬಂದಳು. "ನಂಗ ಏಳುದ್ರ ಏನ್ ಬಂತು? ಉಯ್ದೋಳು ನಾನೊಬ್ಳೇ ಅಲ್ಲ. ಊರ್ಗ ಏಳು. ನಿನ್ ಗಂಡ ಇರೋವಾಗ್ಲೇ ಏಳು. ಇಲ್ದಿದ್ರ ಮತ್ತ ಇತ್ತಾಗಿ ಬರ್ಬೇಡ."

ಎರಡನೇ ತಾರೀಕು ಊರ ಹೆಂಗಸರೆಲ್ಲ ಶೂಟಿಂಗಿಗೆ ಬರುತ್ತಾರಂತೆ. ಅವಳೂ ಹೆಸರು ಕೊಟ್ಟಿದ್ದಾಳೆ.

ಜನವರಿ 29

ಪೇಪರ್ ಎಲ್ಲಿ, ಸೈನ್ ಎಲ್ಲಿ. ಬೆಳಿಗ್ಗೆ ಕೂಗಾಡಿದ. ಮಧ್ಯಾಹ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ದನಿ ಇಳಿದಿತ್ತು.

"ಜೀವ್ನದಲ್ಲಿ ಒಂದ್ಸಲ ನನ್ ಹೆಸ್ರು ದೊಡ್ಡದಾಗಿ ಬತ್ತಾ ಅದೆ ರತ್ನ. ಇಪ್ಪತ್ತು ವರ್ಸ ಟೈಲರಮ್ಮನ್ ಗಂಡ ಅನ್ನುಸ್ಕಂಡೆ. ಇದೊಂದ್ ಕೆಡುಸ್ಬೇಡ."

ಒಂದು ಗಳಿಗೆ ಅಯ್ಯೋ ಅನ್ನಿಸಿತು. ಆಮೇಲೆ ಆ ಅಯ್ಯೋ ಮೇಲೇ ಸಿಟ್ಟು ಬಂತು. ಈ ಒಂಬತ್ತು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ, ಅವನಿಗೆ ನನ್ನ ಬಗ್ಗೆ ಅಯ್ಯೋ ಅನ್ನಿಸಿತ್ತೇ? ಕೇಳಿದೆ.

ಹೊಸ ಬಿಳಿ ಶರ್ಟು ಹೊಲಿದುಕೊಡು ಅಂದ, ಎರಡನೇ ತಾರೀಕಿಗೆ. ಹೊಲಿದುಕೊಡುತ್ತೇನೆ ಅಂದೆ. ಹಾಕಿಕೊಳ್ಳಲಿ. ಚೆನ್ನಾಗಿ ಕಾಣಲಿ.

ಕೆಂಪು ಪಟ್ಟಿಗಳನ್ನೂ ಕತ್ತರಿಸಿದೆ. ನಾಲ್ಕು.

ಫೆಬ್ರವರಿ 2, ಮುಳ್ಳೂರು, ಬೆಳಿಗ್ಗೆ 10.30

ದೊಡ್ಡಪ್ಪನ ಮನೆಯ ಜಗಲಿ. ಮೊಣಕಾಲಿನ ಮೇಲೆ ಪುಸ್ತಕ.

ಪಡಸಾಲೆಯಲ್ಲಿ ನಾಲ್ಕು ಮೂಟೆ ಇಟ್ಟಿದ್ದಾರೆ. ಒಳಗೆ ಭತ್ತದ ಹೊಟ್ಟು. ಬಾಯಿಗೆ ನನ್ನ ಪಟ್ಟಿ. ಅದೇ ಜಾಗ, ಅದೇ ಕಂಬದ ಪಕ್ಕ. ಶಾಂತಮೂರ್ತಿ ಸರಿಯಾಗಿ ತೋರಿಸಿದ್ದಾನೆ, ಮರೆತಿಲ್ಲ.

ಅಂಗಳದಲ್ಲಿ ನಲವತ್ತು ಹೆಂಗಸರು. ನಾನು ಹೊಲಿದ ಮಾಸಲು ಬ್ಲೌಸು ತೊಟ್ಟವರು ಹದಿನಾಲ್ಕು. ಉಳಿದವರು ಹಬ್ಬದ ಸೀರೆ ಉಟ್ಟು ಬಂದಿದ್ದಾರೆ, ಬೇಡ ಅಂದರೂ. ನೋಡಿ ಒಳಗೊಳಗೇ ಖುಷಿಯಾಯಿತು. ಚಿಕ್ಕಬಸಮ್ಮ ಮುಂದಿನ ಸಾಲು. ನನ್ನ ಮೇಲೆ ನೆಟ್ಟ ಕಣ್ಣು ತೆಗೆದಿಲ್ಲ.

ಶಾಂತಮೂರ್ತಿ ಮಾನಿಟರ್ ಪಕ್ಕ ಕುರ್ಚಿಯಲ್ಲಿ. ಬಿಳಿ ಶರ್ಟು. ಕಾಲರ್ ಚೆನ್ನಾಗಿ ಕೂತಿದೆ. ಯಾರೋ ಬಂದು ಕೈ ಕುಲುಕುತ್ತಿದ್ದಾರೆ.

ಸೀನ್ ಹೀಗೆ. ಹೀರೋಯಿನ್ ಹೊರಬರುತ್ತಾಳೆ. ಹೆಂಗಸರೆಲ್ಲ ಒಟ್ಟಿಗೆ ಕೂಗಬೇಕು — ಮಡ್ಲಕ್ಕಿ ಮಾರ್ಕಂಡೋಳೇ! ಮೂರು ಸಲ. ರಿಹರ್ಸಲ್‌ನಲ್ಲಿ ಸರಿಯಾಗಿ ಬರಲಿಲ್ಲ. ಒಬ್ಬೊಬ್ಬರು ಒಂದೊಂದು ಥರ. ಕೆಲವರು ಬಾಯೇ ಬಿಡಲಿಲ್ಲ. ನಾನು ಇಲ್ಲಿ ಕೂತಿದ್ದೇನಲ್ಲ.

ಮಣಿಕಂಠ ಓಡಿ ಬಂದ. "ಅಕ್ಕಾ, ನೀವೇ ಒಂದ್ಸಲ ಮೈಕಲ್ಲಿ ಹೇಳ್ಕೊಡಿ. ನಿಮ್ ಮಾತಾದ್ರೆ ಕೇಳ್ತಾರೆ. ಹಾಗೇ ಆ ಪೇಪರೂ... ಸೈನ್ ಆಯ್ತಲ್ವಾ?"

ಪುಸ್ತಕದಲ್ಲಿದೆ ಅಂದೆ. ಇದೆ. ಈ ಹಾಳೆಯ ಹಿಂದೆಯೇ ಇದೆ, ಖಾಲಿ ಜಾಗದ ಸಮೇತ.

ಭವ್ಯಶ್ರೀ ಬಾಗಿಲಲ್ಲಿ ನಿಂತಿದ್ದಾಳೆ. ಏನೋ ತಿಳಿದಿದೆ ಅವಳಿಗೆ. ಇಲ್ಲೇ, ಈಗಲೇನಾ ಎಂದು ಕಣ್ಣಲ್ಲೇ ಕೇಳಿದಳು. ಹೌದೆಂದು ತಲೆಯಾಡಿಸಿದೆ.

ಹೆದರಿಕೆ ಇದೆಯಾ? ಇದೆ. ಸಂಜೆ ಯಾವ ಮನೆಗೆ ಹೋಗುತ್ತೇನೋ ಗೊತ್ತಿಲ್ಲ. ಅಂಗಡಿಯ ಬೀಗದ ಕೈ ಸೊಂಟದಲ್ಲಿದೆ. ಅಷ್ಟು ಸಾಕು.

ಮೈಕ್ ತಂದು ತೊಡೆಯ ಮೇಲಿಟ್ಟರು. ಆನ್ ಆಗಿದೆ. ಈಗ ಹಾಳೆ ಮಗುಚಿದ ಸದ್ದು ಕೂಡ ಹಾರ್ನಿನಲ್ಲಿ ಬಂತು. ಎಲ್ಲರೂ ಈ ಕಡೆ ತಿರುಗಿದರು. ಚಿಕ್ಕಬಸಮ್ಮ ಪಕ್ಕದವಳ ಕೈ ಹಿಡಿದುಕೊಂಡಳು. ಶಾಂತಮೂರ್ತಿ ಕುರ್ಚಿಯಿಂದ ಎದ್ದ. ಈ ಕಡೆಗೇ ಬರುತ್ತಿದ್ದಾನೆ. ಬರಲಿ. ಮೊದಲು ಅವನ ಹೆಸರು ಹಿಡಿದು ಕೂಗುತ್ತೇನೆ, ಊರೆಲ್ಲ ಕೇಳಲಿ. ಆಮೇಲೆ ಹನೂರು, ಆಮೇಲೆ ಇದೇ ಪಡಸಾಲೆಯಲ್ಲಿ ಅವನು ಹೇಳಿದ ಸುಳ್ಳು. ಪುಸ್ತಕ ಮುಚ್ಚುತ್ತೇನೆ.